ಅಂಗಡಿ ಬಾಗಿಲಿಗೆ ರ‍್ಯಾಂಪ್ ಇದೆ, ವೆಬ್‌ಸೈಟಿಗೆ?

ಬೆಂಗಳೂರು: ಸೆಪ್ಟೆಂಬರ್ 8ರಂದು ಕರಾವಳಿಯ ನಮ್ಮ ಮನೆಗಳಲ್ಲಿ ಹೊಸ ತೆನೆಯ ಊಟ ನಡೆಯುವ ಹೊತ್ತಿಗೆ ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಸುತ್ತ ಕಾಲಿಡಲು ಜಾಗವಿರುವುದಿಲ್ಲ. 1974ರಲ್ಲಿ ಬೆಸಿಲಿಕಾ ಪದವಿ ಪಡೆದ ಈ ಚರ್ಚಿಗೆ ಅಂದು ಎಲ್ಲ ಭಾಷೆಯ, ಎಲ್ಲ ಧರ್ಮದ ಜನ ಬರುತ್ತಾರೆ. ಅವರಲ್ಲಿ ಗಾಲಿಕುರ್ಚಿಯಲ್ಲಿ ಬರುವವರಿದ್ದಾರೆ, ಬಿಳಿ ಕೋಲು ಹಿಡಿದು ಬರುವವರಿದ್ದಾರೆ. ಬಲಿಪೂಜೆ ಮುಗಿಸಿ ಹತ್ತಿರದ ರಸೆಲ್ ಮಾರ್ಕೆಟ್ಟಿಗೋ ಕಮರ್ಷಿಯಲ್ ಸ್ಟ್ರೀಟಿಗೋ ಹೋದರೆ ಅಂಗಡಿಯ ಮೆಟ್ಟಿಲ ಬಳಿ ಯಾರಾದರೊಬ್ಬರು ಕೈ ಕೊಡುತ್ತಾರೆ. ಕೆಲವು ಅಂಗಡಿಗಳ ಮುಂದೆ ಈಗ ರ‍್ಯಾಂಪ್ ಕೂಡ ಬಂದಿದೆ.

ಅದೇ ಅಂಗಡಿಯ ವೆಬ್‌ಸೈಟಿನ ಬಾಗಿಲಲ್ಲಿ ಕೈ ಕೊಡಲು ಯಾರೂ ನಿಂತಿರುವುದಿಲ್ಲ. ಕಣ್ಣು ಕಾಣದ ಗ್ರಾಹಕರೊಬ್ಬರು ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಆ ಪುಟ ತೆರೆದರೆ, ಅವರ ಫೋನು ಪುಟವನ್ನು ಗಟ್ಟಿಯಾಗಿ ಓದಿ ಹೇಳಲು ಹೊರಡುತ್ತದೆ. ಪುಟವನ್ನು ಸರಿಯಾಗಿ ಕಟ್ಟಿಲ್ಲದಿದ್ದರೆ ಅವರಿಗೆ ಕೇಳಿಸುವುದು ಚಿತ್ರ, ಚಿತ್ರ, ಬಟನ್, ಬಟನ್, ಹೆಸರಿಲ್ಲದ ಲಿಂಕ್ ಎಂದಷ್ಟೇ. ಯಾವ ಬಟನ್ ಒತ್ತಿದರೆ ಸೀರೆ ಕಾಣುತ್ತದೆ, ಯಾವುದನ್ನು ಒತ್ತಿದರೆ ಹಣ ಹೋಗುತ್ತದೆ ಎಂದು ತಿಳಿಯುವ ದಾರಿ ಇಲ್ಲ.

ಇದನ್ನು ಸಣ್ಣ ಕಿರಿಕಿರಿ ಎಂದು ತಳ್ಳಿಹಾಕಬಾರದು. ವೆಬ್‌ಸೈಟ್ ಅಥವಾ ಆ್ಯಪ್ ತಮಗೆ ಕೆಲಸ ಮಾಡದಿದ್ದಾಗ ಆ ವ್ಯಕ್ತಿ ಮಾಡುವುದೇನು? ಫೋನನ್ನು ಮಗನ ಕೈಗೋ ಪಕ್ಕದ ಮನೆಯವರ ಕೈಗೋ ಕೊಡುತ್ತಾರೆ. ಕಾರ್ಡಿನ ನಂಬರ್ ಹೇಳುತ್ತಾರೆ, ಒಟಿಪಿ ಹೇಳುತ್ತಾರೆ, ವೈದ್ಯರ ಅಪಾಯಿಂಟ್‌ಮೆಂಟ್ ಯಾವ ಕಾಯಿಲೆಗೆ ಎಂಬುದನ್ನೂ ಹೇಳುತ್ತಾರೆ. ಕಣ್ಣಿರುವ ನಾವು ಯಾರಿಗೂ ತೋರಿಸದ ಸಂಗತಿಗಳನ್ನೆಲ್ಲ ಅವರು ಇನ್ನೊಬ್ಬರ ಮುಂದೆ ಬಿಚ್ಚಿಡಬೇಕಾಗುತ್ತದೆ. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕುಗಳು ದಿನಕ್ಕೊಂದು ಸಂದೇಶ ಕಳುಹಿಸುತ್ತವೆ. ಹೇಳದೆ ಬೇರೆ ದಾರಿಯೇ ಇಲ್ಲದವರ ಗತಿ ಏನು ಎಂದು ಆ ಸಂದೇಶದಲ್ಲಿ ಇರುವುದಿಲ್ಲ.

ಕರಾವಳಿಯ ಸುದ್ದಿಪುಟದಲ್ಲಿ ಬೆಂಗಳೂರಿನ ವೆಬ್‌ಸೈಟುಗಳ ಮಾತೇಕೆ ಎಂದು ಓದುಗರು ಕೇಳಬಹುದು. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳ ಮಕ್ಕಳು ಇಂದಿರಾನಗರದಿಂದ ಕೆ.ಆರ್. ಪುರದ ಆಚೆವರೆಗಿನ ಕಂಪೆನಿಗಳಲ್ಲಿ ಕೆಲಸಕ್ಕಿದ್ದಾರೆ. ಇಂಥ ವೆಬ್‌ಸೈಟುಗಳನ್ನು ಕಟ್ಟುವವರಲ್ಲಿ ಅವರೂ ಇದ್ದಾರೆ. ಇನ್ನು ಕೆಲವರು ಅಲ್ಲಿ ಹೋಟೆಲ್, ಬೇಕರಿ, ಟ್ರಾವೆಲ್ಸ್ ನಡೆಸುತ್ತಿದ್ದಾರೆ. ಅಲ್ಲಿ ಕಲಿತದ್ದು ಮಂಗಳೂರು, ಉಡುಪಿಗೂ ಬರುತ್ತದೆ, ಸರಿಯಾದದ್ದೂ ಬರುತ್ತದೆ, ತಪ್ಪಾದದ್ದೂ ಬರುತ್ತದೆ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದರು, ಕರ್ನಾಟಕದಲ್ಲಿ ಸುಮಾರು 13.24 ಲಕ್ಷ. ಆಗ ಎಣಿಸಿದ್ದು ಎಂಟು ಬಗೆಯ ವೈಕಲ್ಯಗಳನ್ನು ಮಾತ್ರ. 2016ರ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ವಯಸ್ಸಾಗಿ ಕಣ್ಣು ಮಂಜಾದವರು, ಕೈ ನಡುಗುವವರು, ಕಿವಿ ಮಂದವಾದವರು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಅವರನ್ನೂ ಸೇರಿಸಿಕೊಂಡರೆ ಯಾವ ಅಂಗಡಿಯವರೂ ಬೇಡ ಎನ್ನುವಷ್ಟು ಚಿಕ್ಕ ಗ್ರಾಹಕ ವರ್ಗ ಇದಲ್ಲ.

ಕಂಟೋನ್ಮೆಂಟಿನ ನಂಟು

ಬೆಂಗಳೂರಿನ ಈ ಭಾಗಕ್ಕೂ ವಿಕಲಚೇತನರ ಸೇವೆಗೂ ಹಳೆಯ ನಂಟು. ಲಿಂಗರಾಜಪುರದಲ್ಲಿರುವ ಎಪಿಡಿ ಸಂಸ್ಥೆಯನ್ನು 1959ರಲ್ಲಿ ಆರಂಭಿಸಿದ ಎನ್.ಎಸ್. ಹೇಮಾ ಅವರು ಸ್ವತಃ ವಿಕಲಚೇತನರಾಗಿದ್ದರು. ಅಲ್ಲಿಂದ ಹೆಚ್ಚು ದೂರವಿಲ್ಲದ ವೆಂಕಟೇಶಪುರದಲ್ಲಿ ದೃಷ್ಟಿಹೀನ ಮಕ್ಕಳಿಗಾಗಿ ಜ್ಯೋತಿ ಸೇವಾ ಎಂಬ ಮನೆಯಿದೆ. ಅದನ್ನು ನಡೆಸುವವರು ಪೋಲೆಂಡ್ ಮೂಲದ ಫ್ರಾನ್ಸಿಸ್ಕನ್ ಧರ್ಮಭಗಿನಿಯರು. 1918ರಲ್ಲಿ ಈ ಸಭೆಯನ್ನು ಸ್ಥಾಪಿಸಿದ ಮದರ್ ಎಲ್ಜ್‌ಬಿಯೆತಾ ರೋಜಾ ಚಾತ್ಸ್ಕಾ ಅವರು 22ನೇ ವಯಸ್ಸಿನಲ್ಲಿ ಸಂಪೂರ್ಣ ದೃಷ್ಟಿ ಕಳೆದುಕೊಂಡವರು. ಅನಂತರ ಬ್ರೈಲ್ ಕಲಿತು, ವಾರ್ಸಾ ಸಮೀಪದ ಲಾಸ್ಕಿಯಲ್ಲಿ ಅಂಧರಿಗಾಗಿ ದೊಡ್ಡ ಶಿಕ್ಷಣ ಕೇಂದ್ರವನ್ನೇ ಕಟ್ಟಿದರು. 2021ರ ಸೆಪ್ಟೆಂಬರ್ 12ರಂದು ವಾರ್ಸಾದಲ್ಲಿ ಅವರನ್ನು ಪುನೀತರೆಂದು ಘೋಷಿಸಲಾಯಿತು. ಅಂಧರಿಗೆ ಬೇಕಾದದ್ದು ಸ್ವಂತ ಕಾಲ ಮೇಲೆ ನಿಲ್ಲುವ ಬದುಕು ಎಂಬುದು ಅವರ ಕೆಲಸದ ತಿರುಳಾಗಿತ್ತು. ನೂರು ವರ್ಷದ ಹಿಂದೆ ಅದಕ್ಕೆ ಬ್ರೈಲ್ ಸಾಕಿತ್ತು. ಇಂದು ಮೊಬೈಲೂ ಬೇಕು.

ಇಂದಿರಾನಗರದ ಪಕ್ಕದ ದೊಮ್ಮಲೂರಿನಲ್ಲಿ ಕಚೇರಿ ಹೊಂದಿದ್ದ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿ 2008ರಲ್ಲಿ ಆರಂಭವಾದಾಗಿನಿಂದ ಈ ವಿಷಯದಲ್ಲಿ ಕೆಲಸ ಮಾಡಿತು. ಅಲ್ಲಿದ್ದ ನಿರ್ಮಿತಾ ನರಸಿಂಹನ್ ಅವರು ದೃಷ್ಟಿದೋಷವಿದ್ದೂ ಈ ಕುರಿತ ಅಂತಾರಾಷ್ಟ್ರೀಯ ಕೈಪಿಡಿಯೊಂದನ್ನು 2010ರಲ್ಲಿ ಸಂಪಾದಿಸಿದರು. ಭಾರತದ ಸರ್ಕಾರಿ ವೆಬ್‌ಸೈಟುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಪರೀಕ್ಷಿಸಿ 2012ರಲ್ಲಿ ಆ ಸಂಸ್ಥೆ ಹೊರತಂದ ವರದಿ ಓದಿದರೆ, ಅಂದು ಸರ್ಕಾರದ ಪುಟಗಳೇ ಎಷ್ಟು ಅಡ್ಡಿಗಳಿಂದ ತುಂಬಿದ್ದವು ಎಂದು ಗೊತ್ತಾಗುತ್ತದೆ.

ಖಾಸಗಿಯವರ ಪುಟಗಳೂ ಹಿಂದೆ ಬಿದ್ದಿಲ್ಲ. ಅಮೆರಿಕದ ಯೂಟಾದಲ್ಲಿರುವ ವೆಬ್‌ಏಮ್ ಸಂಸ್ಥೆ ಪ್ರತಿ ವರ್ಷ ಜಗತ್ತಿನ 10 ಲಕ್ಷ ವೆಬ್‌ಸೈಟುಗಳ ಮುಖಪುಟಗಳನ್ನು ಯಂತ್ರದಿಂದ ತಪಾಸಣೆ ಮಾಡುತ್ತದೆ. 2025ರಲ್ಲಿ ಅವುಗಳಲ್ಲಿ ಶೇ. 94.8ರಷ್ಟು ಪುಟಗಳಲ್ಲಿ ಒಂದಾದರೂ ತಪ್ಪು ಸಿಕ್ಕಿತು. ಸಿಕ್ಕ ತಪ್ಪುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಆರೇ ಜಾತಿಯವು: ಮಸುಕಾದ ಅಕ್ಷರ, ವಿವರಣೆಯಿಲ್ಲದ ಚಿತ್ರ, ಹೆಸರಿಲ್ಲದ ಫಾರ್ಮ್ ಚೌಕ, ಖಾಲಿ ಲಿಂಕ್, ಖಾಲಿ ಬಟನ್, ಪುಟದ ಭಾಷೆ ಯಾವುದೆಂದು ಹೇಳದಿರುವುದು. ಇವುಗಳಲ್ಲಿ ಒಂದನ್ನಾದರೂ ಸರಿಪಡಿಸಲು ಕೋಟಿ ರೂಪಾಯಿ ಬೇಡ.

ಪುಟ ಓದುವ ಯಂತ್ರ

ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಮೊದಲೇ ಇರುತ್ತದೆ. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಎಂಬುದನ್ನು ಆಸ್ಟ್ರೇಲಿಯದ ಮೈಕಲ್ ಕರನ್ ಎಂಬ ದೃಷ್ಟಿಹೀನ ಯುವಕ 2006ರಲ್ಲಿ ಬರೆಯಲು ಶುರು ಮಾಡಿದರು. ಅದು ಇಂದಿಗೂ ಉಚಿತ. ಇವು ಕನ್ನಡವನ್ನೂ ಓದುತ್ತವೆ, ದನಿ ಸ್ವಲ್ಪ ಯಂತ್ರದಂತೆ ಕೇಳಿದರೂ ಅಭ್ಯಾಸವಾದವರು ನಾವು ಕಣ್ಣಿನಲ್ಲಿ ಓದುವುದಕ್ಕಿಂತ ವೇಗವಾಗಿ ಕೇಳುತ್ತಾರೆ.

ಆದರೆ ಈ ಯಂತ್ರ ಪುಟದ ಅಂದಚಂದವನ್ನು ನೋಡುವುದಿಲ್ಲ, ಪುಟದ ಹಿಂದಿರುವ ಬರಹವನ್ನು ಓದುತ್ತದೆ. ದೊಡ್ಡ ದಪ್ಪ ಅಕ್ಷರದಲ್ಲಿ ಬರೆದ ಮಾತ್ರಕ್ಕೆ ಅದು ಶೀರ್ಷಿಕೆ ಎಂದು ಯಂತ್ರಕ್ಕೆ ಗೊತ್ತಾಗದು; ಇದು ಶೀರ್ಷಿಕೆ ಎಂದು ಕಟ್ಟಿದವರು ಗುರುತು ಹಾಕಿರಬೇಕು. ಹಾಕಿದ್ದರೆ ಬಳಸುವವರು ಒಂದು ಕೀಲಿ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಬಹುದು, ನಾವು ಪತ್ರಿಕೆಯ ಪುಟದ ಮೇಲೆ ಕಣ್ಣಾಡಿಸುವ ಹಾಗೆ. ಇಲ್ಲದಿದ್ದರೆ ಮೇಲಿನಿಂದ ಕೆಳಗಿನವರೆಗೆ ಪ್ರತಿಯೊಂದು ಸಾಲನ್ನೂ ಕೇಳುತ್ತ ಕೂರಬೇಕು.

ಚಿತ್ರಗಳಿಗೆ ಬದಲಿ ಬರಹ ಬೇಕು. ತಂತ್ರಜ್ಞರು ಇದನ್ನು ಆಲ್ಟ್ ಟೆಕ್ಸ್ಟ್ ಎನ್ನುತ್ತಾರೆ. ಪರದೆಯ ಮೇಲೆ ಕಾಣದಿದ್ದರೂ ಸ್ಕ್ರೀನ್ ರೀಡರಿಗೆ ಕೇಳಿಸುವ ಒಂದು ಸಾಲು ಅದು. ಸೀರೆ ಅಂಗಡಿಯವರು ಕೆಂಪು ಅಂಚಿನ ಹಸಿರು ಮೈಸೂರು ರೇಷ್ಮೆ ಎಂದು ಬರೆದರೆ ಗ್ರಾಹಕರಿಗೆ ಸೀರೆ ಸಿಕ್ಕಿತು. ಏನೂ ಬರೆಯದಿದ್ದರೆ ಐಎಂಜಿ ಎರಡು ಸೊನ್ನೆ ನಾಲ್ಕು ಏಳು ಎಂದು ಫೋಟೋದ ಫೈಲಿನ ಹೆಸರನ್ನು ಓದುವುದೂ ಉಂಟು.

ಹೆಸರು, ವಿಳಾಸ, ಪಿನ್‌ಕೋಡ್ ತುಂಬುವ ಚೌಕಗಳಿಗೂ ಹೀಗೆಯೇ ಹೆಸರಿನ ಗುರುತು ಬೇಕು. ಇಲ್ಲದಿದ್ದರೆ ಯಂತ್ರ ಇಲ್ಲಿ ಬರೆಯಿರಿ ಎನ್ನುತ್ತದೆ, ಏನನ್ನು ಎಂದು ಹೇಳುವುದಿಲ್ಲ. ನೀವು ಮನುಷ್ಯರೇ ಎಂದು ಕೇಳಿ ಸೊಟ್ಟ ಅಕ್ಷರದ ಚಿತ್ರ ತೋರಿಸುವ ಕ್ಯಾಪ್ಚಾ ಬಂದರೆ ಅಲ್ಲಿಗೆ ಮುಗಿಯಿತು. ಅಂಧರನ್ನು ಮನುಷ್ಯರಲ್ಲ ಎಂದು ಹೊರಗೆ ನಿಲ್ಲಿಸುವ ಈ ಪರೀಕ್ಷೆಯಷ್ಟು ಒರಟಾದ ವಸ್ತು ಅಂತರ್ಜಾಲದಲ್ಲಿ ಮತ್ತೊಂದಿಲ್ಲ ಎಂದು ನಮ್ಮ ಅನಿಸಿಕೆ.

ಸ್ಕ್ರೀನ್ ರೀಡರಿನ ಮಾತೇ ಎಲ್ಲವೂ ಅಲ್ಲ. ಕಿವಿ ಕೇಳದವರಿಗೆ ಹೆಚ್ಚಿನ ಅಂಗಡಿಗಳ ಪುಟದಲ್ಲಿರುವ ಅತಿ ದೊಡ್ಡ ಅಡ್ಡಿ ಒಂದೇ ಸಾಲಿನದು: ಹೆಚ್ಚಿನ ಮಾಹಿತಿಗೆ ಕರೆ ಮಾಡಿ. ಕರೆ ಮಾಡಲಾಗದವರು ಏನು ಮಾಡಬೇಕು? ಅದೇ ನಂಬರಿಗೆ ವಾಟ್ಸ್ಆ್ಯಪ್ ಸಂದೇಶವನ್ನೂ ಕಳುಹಿಸಬಹುದು ಎಂದು ಸೇರಿಸಿದರೆ ಸಾಕು, ಖರ್ಚಿಲ್ಲದೆ ಬಾಗಿಲು ತೆರೆಯಿತು. ವಿಡಿಯೋ ಹಾಕುವವರು ಮಾತನ್ನು ಕೆಳಗೆ ಅಕ್ಷರದಲ್ಲೂ ಕೊಡಬೇಕು. ಕೈ ನಡುಗುವವರಿಗೆ, ಸೆರೆಬ್ರಲ್ ಪಾಲ್ಸಿ ಇರುವವರಿಗೆ ಒತ್ತೊತ್ತಾಗಿ ಇಟ್ಟ ಸಣ್ಣ ಬಟನ್‌ಗಳು ಕಷ್ಟ. ಮೌಸ್ ಹಿಡಿಯಲಾಗದವರು ಬರೀ ಕೀಬೋರ್ಡಿನ ಟ್ಯಾಬ್ ಕೀಲಿಯಿಂದ ಮುಂದೆ ಹೋಗುತ್ತಾರೆ, ಆದ್ದರಿಂದ ಮೌಸ್ ಇಲ್ಲದೆಯೂ ಪುಟದ ಎಲ್ಲ ಕೆಲಸ ನಡೆಯಬೇಕು.

ಇದಕ್ಕೆಲ್ಲ ಒಂದು ಅಳತೆಗೋಲಿದೆ. ಅಂತರ್ಜಾಲದ ನಿಯಮಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 1999ರಲ್ಲಿ ಮೊದಲ ಮಾರ್ಗಸೂಚಿ ಹೊರಡಿಸಿತು. 2008, 2018, 2023ರಲ್ಲಿ ಅದು ಪರಿಷ್ಕೃತವಾಯಿತು. ಡಬ್ಲ್ಯುಸಿಎಜಿ ಎಂದು ಕರೆಯುವ ಈ ಮಾರ್ಗಸೂಚಿಯಲ್ಲಿ ಊಹೆಗೆ ಜಾಗ ಕಡಿಮೆ. ಅಕ್ಷರ ಮತ್ತು ಹಿನ್ನೆಲೆಯ ನಡುವೆ ಕನಿಷ್ಠ 4.5ಕ್ಕೆ 1ರ ಬೆಳಕಿನ ಅಂತರವಿರಬೇಕು ಎಂಬಂಥ ಲೆಕ್ಕವೇ ಇದೆ. ಭಾರತೀಯ ಮಾನಕ ಬ್ಯೂರೋ ಕೂಡ 2021ರಲ್ಲಿ ಐಎಸ್ 17802 ಎಂಬ ನಮ್ಮದೇ ಮಾನಕವನ್ನು ತಂದಿದೆ.

ಮೆನು, ಕುಸ್ವಾರ್ ಮತ್ತು ಕನ್ನಡ

ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಸಂಜೆ ನಡೆದವರಿಗೆ ಗೊತ್ತು, ಒಂದು ಕಾಲದ ವಾಸದ ಮನೆಗಳು ಇಂದು ಹೋಟೆಲು, ಬಟ್ಟೆ ಅಂಗಡಿಗಳಾಗಿವೆ. ಮೇಲಿನ ಮಹಡಿಯ ಹೋಟೆಲಿಗೆ ಲಿಫ್ಟ್ ಇದೆಯೇ, ಬಾಗಿಲಲ್ಲಿ ಎಷ್ಟು ಮೆಟ್ಟಿಲು, ಶೌಚಾಲಯದೊಳಗೆ ಗಾಲಿಕುರ್ಚಿ ಹೋಗುತ್ತದೆಯೇ ಎಂಬುದನ್ನು ವೆಬ್‌ಸೈಟಿನಲ್ಲಿ ಎರಡು ಸಾಲಿನಲ್ಲಿ ಬರೆದರೆ ಕೆ.ಆರ್. ಪುರದಿಂದ ಹೊರಡುವ ಗಾಲಿಕುರ್ಚಿಯ ಗ್ರಾಹಕರು ಅಲ್ಲಿಗೆ ಬಂದು ಕೆಳಗೇ ಉಳಿಯುವುದು ತಪ್ಪುತ್ತದೆ. ಲಿಫ್ಟ್ ಇಲ್ಲದಿದ್ದರೆ ಇಲ್ಲ ಎಂದೇ ಬರೆಯಲಿ, ಸುಳ್ಳಿಗಿಂತ ಅದು ಮೇಲು. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಹಲಸೂರಿನ ಮೂಲಕ ಮೆಟ್ರೋ ಬಂದದ್ದು 2011ರ ಅಕ್ಟೋಬರಿನಲ್ಲಿ. 2023ರ ಅಕ್ಟೋಬರಿನಲ್ಲಿ ಕೆ.ಆರ್. ಪುರವೂ ಆ ಸಾಲಿಗೆ ಸೇರಿಕೊಂಡಿತು. ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಕಾಲಿಗೆ ತಿಳಿಯುವ ಉಬ್ಬು ಹಾಸಿದೆ, ಮುಂದಿನ ನಿಲ್ದಾಣವನ್ನು ಕೂಗಿ ಹೇಳುತ್ತಾರೆ. ಹೀಗೆ ಊರು ಸ್ವಲ್ಪ ಸ್ವಲ್ಪ ತೆರೆದುಕೊಳ್ಳುವಾಗ ಅಂಗಡಿಯ ಪುಟ ಮುಚ್ಚಿಕೊಂಡಿದ್ದರೆ ಪ್ರಯಾಣ ಅರ್ಧಕ್ಕೇ ನಿಂತಂತೆ. 2022ರ ನವೆಂಬರಿನಲ್ಲಿ ಮೆಟ್ರೋ ವಾಟ್ಸ್ಆ್ಯಪ್ ಮೂಲಕ ಟಿಕೆಟ್ ಕೊಡಲು ಆರಂಭಿಸಿದ್ದನ್ನು ಇಲ್ಲಿ ನೆನೆಯಬೇಕು. ಬರೀ ಅಕ್ಷರದ ಮಾತುಕತೆಯನ್ನು ಸ್ಕ್ರೀನ್ ರೀಡರ್ ಚೆನ್ನಾಗಿಯೇ ಓದುತ್ತದೆ. ಚಿಕ್ಕ ವ್ಯಾಪಾರಿಗಳಿಗೆ ದುಬಾರಿ ವೆಬ್‌ಸೈಟಿಗಿಂತ ಸರಳವಾದ ವಾಟ್ಸ್ಆ್ಯಪ್ ನಂಬರೇ ಎಷ್ಟೋ ಸಲ ಮೇಲು.

ಆದರೆ ಅಲ್ಲೂ ಒಂದು ಕಲ್ಲಿದೆ. ಕ್ರಿಸ್ಮಸ್ ಬಂತೆಂದರೆ ಬೆಂಗಳೂರಿನಲ್ಲಿರುವ ನಮ್ಮವರು ಮನೆಯಲ್ಲೇ ಕುಸ್ವಾರ್ ಮಾಡಿ ಮಾರುತ್ತಾರೆ. ನೆವ್ರಿಗೆ ಎಷ್ಟು, ಕಿಡಿಯೊಗೆ ಎಷ್ಟು, ಪ್ಲಮ್ ಕೇಕಿಗೆ ಎಷ್ಟು ಎಂದು ನಕ್ಷತ್ರ, ಗಂಟೆಗಳ ನಡುವೆ ಬಂಗಾರದ ಬಣ್ಣದಲ್ಲಿ ಬರೆದ ಒಂದು ಚಂದದ ಪೋಸ್ಟರ್ ವಾಟ್ಸ್ಆ್ಯಪಿನಲ್ಲಿ ಬರುತ್ತದೆ. ಅದು ಚಿತ್ರ. ಸ್ಕ್ರೀನ್ ರೀಡರಿಗೆ ಅದು ಫೋಟೋ ಎಂಬ ಒಂದೇ ಪದ. ಅದೇ ದರಪಟ್ಟಿಯನ್ನು ಫೋಟೋದ ಕೆಳಗೆ ಅಕ್ಷರದಲ್ಲೂ ಟೈಪ್ ಮಾಡಿ ಕಳುಹಿಸಿದರೆ ಐದು ನಿಮಿಷದ ಕೆಲಸ. ಚರ್ಚಿನ ಪ್ರಕಟಣೆಗಳಿಗೂ ಈ ಮಾತು ಸಲ್ಲುತ್ತದೆ, ಹಬ್ಬದ ಪೋಸ್ಟರ್ ಕಳುಹಿಸುವ ಯುವಕರು ಗಮನಿಸಬೇಕು.

ಬಣ್ಣದ ಮಾತು ಬಂತು. ಮೆನುವಿನಲ್ಲಿ ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಚುಕ್ಕೆ ಎಂದು ನಮಗೆಲ್ಲ ರೂಢಿ. ಹಸಿರು, ಕೆಂಪು, ಕಂದುಗಳ ನಡುವೆ ವ್ಯತ್ಯಾಸ ಕಾಣದ ವರ್ಣಾಂಧರಿಗೆ ಎರಡೂ ಒಂದೇ. ಆದ್ದರಿಂದಲೇ ಆಹಾರ ಸುರಕ್ಷತಾ ಪ್ರಾಧಿಕಾರ 2020ರ ನಿಯಮಗಳಲ್ಲಿ ಮಾಂಸಾಹಾರದ ಚುಕ್ಕೆಯನ್ನು ತ್ರಿಕೋನಕ್ಕೆ ಬದಲಿಸಿತು. ಬಣ್ಣ ತಿಳಿಯದಿದ್ದರೂ ಆಕಾರ ತಿಳಿಯುತ್ತದೆ. ವೆಬ್‌ಸೈಟಿನಲ್ಲಿ ಆಕಾರದ ಜೊತೆಗೆ ಒಂದು ಪದವೂ ಇದ್ದರೆ ಕಣ್ಣು ಕಾಣದವರಿಗೂ ಆಯಿತು. ತಪಸ್ಸುಕಾಲದ ಶುಕ್ರವಾರ ಹೋಟೆಲಿನಿಂದ ಊಟ ತರಿಸುವ ನಮ್ಮಲ್ಲಿ ಯಾರಿಗಾದರೂ ಈ ಗುರುತಿನ ಬೆಲೆ ಬೇಗ ಅರ್ಥವಾದೀತು.

ಕನ್ನಡದ್ದೇ ಆದ ಒಂದು ತೊಡಕನ್ನು ಇಂಗ್ಲಿಷಿನ ಮಾರ್ಗಸೂಚಿಗಳಲ್ಲಿ ಹುಡುಕಿದರೆ ಸಿಗದು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪ್ ಮಾಡಿದ ಕನ್ನಡ ಕಣ್ಣಿಗೆ ಮಾತ್ರ ಕನ್ನಡ. ಕಂಪ್ಯೂಟರಿನ ಒಳಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು, ಸ್ಕ್ರೀನ್ ರೀಡರ್ ಅದನ್ನು ಹಾಗೆಯೇ ಓದುತ್ತದೆ. ಯೂನಿಕೋಡಿನಲ್ಲಿ ಟೈಪ್ ಮಾಡಿದರೆ ಮಾತ್ರ ಅದು ಕನ್ನಡವಾಗಿ ಕೇಳಿಸುತ್ತದೆ. ನುಡಿ, ಬರಹ ಎರಡರಲ್ಲೂ ಯೂನಿಕೋಡ್ ಸೌಲಭ್ಯವಿದೆ, ಆದರೆ ಅನೇಕ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಹಳೆಯದರಲ್ಲೇ ಟೈಪ್ ಮಾಡಿ ಪಿಡಿಎಫ್ ಮಾಡುವ ರೂಢಿ ಹೋಗಿಲ್ಲ. ಸಹಿ ಹಾಕಿದ ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಹಾಕಿದರಂತೂ ಅದು ಬರೀ ಫೋಟೋ. ಜೊತೆಗೆ, ಈ ಪುಟ ಕನ್ನಡದ್ದು ಎಂಬ ಗುರುತನ್ನು ವೆಬ್‌ಸೈಟ್ ಕಟ್ಟುವವರು ಪುಟದ ತಲೆಯಲ್ಲಿ ಹಾಕಬೇಕು. ಅದು ಒಂದೇ ಪದದ ಕೆಲಸ, ಇಲ್ಲದಿದ್ದರೆ ಕೆಲವೊಮ್ಮೆ ಯಂತ್ರ ಇಂಗ್ಲಿಷಿನ ದನಿಯಲ್ಲಿ ಕನ್ನಡ ಓದಲು ಹೋಗಿ ಮೌನವಾಗುತ್ತದೆ.

ಕಾನೂನು ಏನು ಹೇಳುತ್ತದೆ

ಇಷ್ಟು ಹೊತ್ತು ಒಳ್ಳೆಯ ಮನಸ್ಸಿನ ಮಾತಾಯಿತು. ಆದರೆ ಇದು ಬರೀ ಮನಸ್ಸಿಗೆ ಬಿಟ್ಟ ವಿಷಯವಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಸೇವೆ ನೀಡುವವರು, ಸರ್ಕಾರಿಯಾಗಲಿ ಖಾಸಗಿಯಾಗಲಿ, ನಿಯಮಗಳು ಬಂದ ಎರಡು ವರ್ಷದೊಳಗೆ ತಮ್ಮ ಸೇವೆಯನ್ನು ವಿಕಲಚೇತನರಿಗೆ ಎಟಕುವಂತೆ ಮಾಡಬೇಕು ಎಂದು ಅದರ 46ನೇ ಕಲಂ ಹೇಳುತ್ತದೆ. ನಿಯಮಗಳು 2017ರ ಜೂನಿನಲ್ಲೇ ಬಂದವು. ಕಾಯ್ದೆ ಮೀರಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ಮೀರಿದರೆ 50,000 ರೂಪಾಯಿಯಿಂದ 5 ಲಕ್ಷದವರೆಗೆ. ಚರ್ಚಿನ ಕೆಲಸದಲ್ಲಿರುವವರು ಒಂದು ಅಂಶವನ್ನು ಗಮನಿಸಬೇಕು: ಖಾಸಗಿ ಸಂಸ್ಥೆ ಎಂಬುದಕ್ಕೆ ಈ ಕಾಯ್ದೆ ಕೊಡುವ ಅರ್ಥದಲ್ಲಿ ಕಂಪೆನಿಗಳಷ್ಟೇ ಅಲ್ಲ, ಸಹಕಾರಿ ಸಂಘ, ಟ್ರಸ್ಟ್, ಸಂಘ ಸಂಸ್ಥೆಗಳೂ ಸೇರಿವೆ.

ಬೆಂಗಳೂರಿನ ಕಂಪೆನಿಯೊಂದರ ಪ್ರಕರಣ ಇದಕ್ಕೆ ಉದಾಹರಣೆ. ವೈದ್ಯರ ಅಪಾಯಿಂಟ್‌ಮೆಂಟ್ ಪಡೆಯುವ ಪ್ರಾಕ್ಟೋ ನಮ್ಮ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಓದಿದ ಇಬ್ಬರು 2008ರಲ್ಲಿ ಆರಂಭಿಸಿದ್ದು. ಅದರ ಆ್ಯಪ್ ಸ್ಕ್ರೀನ್ ರೀಡರಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು ದೃಷ್ಟಿಹೀನ ವಕೀಲ ರಾಹುಲ್ ಬಜಾಜ್ ಅವರು ದೂರಿದಾಗ, ಈ ಕಾಯ್ದೆಯ ಹೊಣೆ ಖಾಸಗಿ ಕಂಪೆನಿಗಳ ಮೇಲೂ ಇದೆ ಎಂದು ವಿಕಲಚೇತನರ ಮುಖ್ಯ ಆಯುಕ್ತರು 2022ರಲ್ಲಿ ಹೇಳಿದರು. ಆ್ಯಪಿನಲ್ಲಿ ಅಡ್ಡಿ ಇದ್ದರೆ ಕಂಪೆನಿಯ ಗಾತ್ರ, ಹೆಸರು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಅಂದೇ ಸ್ಪಷ್ಟವಾಯಿತು.

ಸುಪ್ರೀಂ ಕೋರ್ಟು ಆಮೇಲೆ ಇನ್ನೂ ಮುಂದೆ ಹೋಯಿತು. ರಾಜೀವ್ ರತೂರಿ ಅವರು 2005ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ 2024ರ ನವೆಂಬರ್ 8ರಂದು ತೀರ್ಪು ನೀಡಿ, ಮಾನಕಗಳನ್ನು ಬರೀ ಸಲಹೆಯಂತೆ ಬರೆದಿದ್ದ 15ನೇ ನಿಯಮ ಕಾಯ್ದೆಗೇ ವಿರುದ್ಧ ಎಂದಿತು, ಕಡ್ಡಾಯ ನಿಯಮಗಳನ್ನು ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. 2025ರ ಏಪ್ರಿಲ್ 30ರ ತೀರ್ಪು ಇನ್ನಷ್ಟು ಮನಮುಟ್ಟುವಂಥದ್ದು. ಆ್ಯಸಿಡ್ ದಾಳಿಯಲ್ಲಿ ಕಣ್ಣು ಮತ್ತು ಮುಖಕ್ಕೆ ಹಾನಿಯಾಗಿದ್ದ ಪ್ರಜ್ಞಾ ಪ್ರಸೂನ್ ಅವರು ಬ್ಯಾಂಕ್ ಖಾತೆ ತೆರೆಯಲು ಹೋದಾಗ, ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ಜೀವಂತ ಇದ್ದೇನೆಂದು ತೋರಿಸಬೇಕಾಯಿತು. ಕಣ್ಣು ಮಿಟುಕಿಸುವುದು ಅವರಿಗೆ ಸಾಧ್ಯವಿರಲಿಲ್ಲ. ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ನ್ಯಾಯಾಲಯ ಅಂದು ಹೇಳಿತು, ಇಪ್ಪತ್ತು ನಿರ್ದೇಶನಗಳನ್ನೂ ಕೊಟ್ಟಿತು.

ಕಾನೂನು ಬಿಗಿಯಾದಂತೆ ಅದನ್ನು ತೋರಿಸಿ ಮಾರುವವರೂ ಬರುತ್ತಾರೆ. ನಿಮ್ಮ ವೆಬ್‌ಸೈಟಿಗೆ ಒಂದೇ ಒಂದು ಸಾಲು ಸೇರಿಸಿ, ಮೂಲೆಯಲ್ಲಿ ಗಾಲಿಕುರ್ಚಿಯ ಚಿಹ್ನೆ ಬರುತ್ತದೆ, ಎಲ್ಲ ತಾನಾಗಿ ಸರಿಯಾಗುತ್ತದೆ ಎಂದು ಹೇಳುವವರನ್ನು ನಂಬಬೇಡಿ. ಹೀಗೆ ಹೇಳಿ ಮಾರಿದ ಆ್ಯಕ್ಸೆಸಿಬಿ ಎಂಬ ಕಂಪೆನಿಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ 10 ಲಕ್ಷ ಡಾಲರ್ ಕಟ್ಟುವಂತೆ ಆದೇಶಿಸಿತು. ಗೋಡೆಗೆ ರ‍್ಯಾಂಪಿನ ಚಿತ್ರ ಅಂಟಿಸಿದರೆ ಗಾಲಿಕುರ್ಚಿ ಮೇಲೇರುವುದಿಲ್ಲ.

ಯಾರನ್ನು ಕೇಳಬೇಕು

ಹೊಸ ವೆಬ್‌ಸೈಟ್ ಮಾಡಿಸುವವರು ಕಟ್ಟುವವರೊಂದಿಗಿನ ಒಪ್ಪಂದದಲ್ಲೇ ಡಬ್ಲ್ಯುಸಿಎಜಿಯ ಎಎ ಮಟ್ಟ ಬೇಕು ಎಂದು ಬರೆಸಿಕೊಳ್ಳಬೇಕು. ಮೊದಲೇ ಸರಿಯಾಗಿ ಕಟ್ಟಿದರೆ ಹೆಚ್ಚಿನ ಖರ್ಚು ಅಷ್ಟೇನಿಲ್ಲ. ಮನೆ ಕಟ್ಟಿ ಮುಗಿದ ಮೇಲೆ ಬಾಗಿಲು ಅಗಲ ಮಾಡುವುದು ಎಷ್ಟು ಕಷ್ಟವೋ, ಕಟ್ಟಿದ ಪುಟವನ್ನು ಒಡೆದು ತಿದ್ದುವುದೂ ಅಷ್ಟೇ ಕಷ್ಟ. ಹಳೆಯ ವೆಬ್‌ಸೈಟ್ ಇದ್ದವರು ಮೊದಲು ಸಂಪರ್ಕದ ಪುಟ, ಹಣ ಕಟ್ಟುವ ಪುಟ, ಬುಕಿಂಗ್ ಪುಟ ಇವಿಷ್ಟನ್ನು ಸರಿಪಡಿಸಲಿ. ಉಳಿದದ್ದು ನಿಧಾನವಾಗಿ ಆಗಲಿ. ಎಲ್ಲವನ್ನೂ ಒಟ್ಟಿಗೆ ಮಾಡುತ್ತೇವೆ ಎಂದು ಹೊರಟವರು ಏನನ್ನೂ ಮಾಡದೆ ಬಿಡುವುದೇ ಹೆಚ್ಚು.

ವೆಬ್‌ಏಮ್‌ನ ವೇವ್ ಎಂಬ ಉಚಿತ ಸಾಧನದಲ್ಲಿ ಪುಟದ ವಿಳಾಸ ಕೊಟ್ಟರೆ ಮೇಲೆ ಹೇಳಿದ ತಪ್ಪುಗಳನ್ನು ಅದು ತೋರಿಸುತ್ತದೆ. ಆದರೆ ಯಂತ್ರಕ್ಕೆ ಎಲ್ಲವೂ ತಿಳಿಯುವುದಿಲ್ಲ. ಸೀರೆಯ ಚಿತ್ರದ ಬದಲಿ ಬರಹದಲ್ಲಿ ಕೇಕ್ ಎಂದು ಬರೆದಿದ್ದರೂ ಯಂತ್ರ ಸರಿ ಎನ್ನುತ್ತದೆ. ಕೊನೆಗೆ ಮನುಷ್ಯರನ್ನೇ ಕೇಳಬೇಕು. ಜೆರಿಕೋದ ದಾರಿಯ ಬದಿಯಲ್ಲಿ ಕುಳಿತಿದ್ದ ಕುರುಡ ಬಾರ್ತಿಮಾಯನನ್ನು ಪ್ರಭು ಯೇಸು ಹತ್ತಿರ ಕರೆಸಿಕೊಂಡು ಮೊದಲು ಕೇಳಿದ್ದು ತನ್ನಿಂದ ಏನಾಗಬೇಕು ಎಂದೇ. ಅವನಿಗೆ ಬೇಕಾದದ್ದು ಕಣ್ಣ ಮುಂದೆಯೇ ಇತ್ತು, ಆದರೂ ಕೇಳಿದರು. ನಮ್ಮ ವ್ಯಾಪಾರಿಗಳೂ ಸಂಸ್ಥೆಗಳೂ ಸ್ಕ್ರೀನ್ ರೀಡರ್ ಬಳಸುವ ಒಬ್ಬರನ್ನು ಕರೆದು, ಪುಟ ತೆರೆದು ಕೊಟ್ಟು, ಒಂದು ವಸ್ತು ಕೊಳ್ಳಲು ಹೇಳಿ ಪಕ್ಕದಲ್ಲಿ ಸುಮ್ಮನೆ ಕೂರಲಿ. ಎಲ್ಲಿ ನಿಂತರು ಎಂದು ಬರೆದುಕೊಳ್ಳಲಿ. ಆ ಒಂದು ಗಂಟೆಗೆ ಸಂಬಳವನ್ನೂ ಕೊಡಲಿ. ಇದು ಪರಿಣತರ ಕೆಲಸ, ಕಾಫಿ ಕೊಟ್ಟು ಕಳುಹಿಸುವಂಥದ್ದಲ್ಲ. ಬೆಂಗಳೂರಿನಲ್ಲಿ ಇದನ್ನೇ ಉದ್ಯೋಗವಾಗಿ ಮಾಡುತ್ತಿರುವ ದೃಷ್ಟಿಹೀನ ಯುವಕ ಯುವತಿಯರಿದ್ದಾರೆ.

ಸೇವೆ ಸಿಗದೆ ತೊಂದರೆಯಾದವರು ಮೊದಲು ಆ ಸಂಸ್ಥೆಗೇ ಬರೆಯುವುದು ಒಳ್ಳೆಯದು. ಯಾವ ದಿನ, ಯಾವ ಪುಟ, ಯಾವ ಫೋನು, ಎಲ್ಲಿ ನಿಂತಿತು ಎಂದು ಬರೆದಿಡಿ. ಉತ್ತರ ಬಾರದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಅದಕ್ಕೆ ವಕೀಲರೇ ಬೇಕೆಂದಿಲ್ಲ. ಧರ್ಮಕೇಂದ್ರಗಳ ಸಾಮಾಜಿಕ ಕಾರ್ಯಕರ್ತರು ಅರ್ಜಿ ಬರೆಯಲು ನೆರವಾದರೆ ಅದೂ ಸೇವೆಯೇ.

ವಾಳೆಯ ಸಭೆಗಳಲ್ಲಿ, ಐಸಿವೈಎಂ ಕೂಟಗಳಲ್ಲಿ ಇದನ್ನು ಮಾಡಿ ನೋಡಬಯಸುವವರಿಗೆ ಒಂದು ಸುಲಭ ಪ್ರಯೋಗ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿಗೆ ಹೋಗಿ ಟಾಕ್‌ಬ್ಯಾಕ್ ಆನ್ ಮಾಡಿ. ಕಣ್ಣು ಮುಚ್ಚಿಕೊಂಡು ನಿಮ್ಮ ಧರ್ಮಕೇಂದ್ರದ ಪುಟದಲ್ಲಿ ಭಾನುವಾರದ ಬಲಿಪೂಜೆಯ ಸಮಯ ಹುಡುಕಿ, ಆಮೇಲೆ ನಿಮ್ಮದೇ ಅಂಗಡಿಯ ಪುಟದಲ್ಲಿ ಒಂದು ಆರ್ಡರ್ ಕೊಡಲು ಪ್ರಯತ್ನಿಸಿ. ಟಾಕ್‌ಬ್ಯಾಕ್ ಇರುವಾಗ ಒಮ್ಮೆ ಮುಟ್ಟಿದರೆ ಅದು ಓದುತ್ತದೆ, ಎರಡು ಸಲ ತಟ್ಟಿದರೆ ಮಾತ್ರ ತೆರೆಯುತ್ತದೆ. ಬೆರಳನ್ನು ಬಲಕ್ಕೆ ಸವರಿದರೆ ಮುಂದಿನದಕ್ಕೆ ಹೋಗುತ್ತದೆ. ಮೊದಲ ಸಲ ಆನ್ ಮಾಡಿದವರು ಆಫ್ ಮಾಡಲು ತಿಳಿಯದೆ ಗಾಬರಿಯಾಗುವುದುಂಟು. ಹೆಚ್ಚಿನ ಫೋನುಗಳಲ್ಲಿ ದನಿ ಹೆಚ್ಚಿಸುವ ಮತ್ತು ಕಡಿಮೆ ಮಾಡುವ ಎರಡೂ ಗುಂಡಿಗಳನ್ನು ಒಟ್ಟಿಗೆ ಮೂರು ಸೆಕೆಂಡು ಒತ್ತಿ ಹಿಡಿದರೆ ಅದು ನಿಲ್ಲುತ್ತದೆ. ಆ ಶಾರ್ಟ್‌ಕಟ್ ಮೊದಲೇ ಆನ್ ಆಗಿದೆಯೇ ಎಂದು ಅದೇ ಸೆಟ್ಟಿಂಗ್ಸ್ ಪುಟದಲ್ಲಿ ನೋಡಿಕೊಂಡು ಶುರು ಮಾಡಿ.